ಹಾಲಿಗಿರುವ ಲೆಕ್ಕ ಊಟಕ್ಕೇಕಿಲ್ಲ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಆಹಾರ ಮತ್ತು ಆರೋಗ್ಯ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ನಾವು ಓದಿರುವುದು ಎಸ್.ಎಸ್.ಎಲ್.ಸಿ. ಅಷ್ಟೆ. ಡಾಕ್ಟರೂ ಅಲ್ಲ, ಮೇಷ್ಟ್ರೂ ಅಲ್ಲ. ಬೆಳ್ಳಿಹಬ್ಬದಲ್ಲಿ ಆಹಾರದ ಮೇಲೆ ಮಾತಾಡಲು ಮೈಸೂರಿನಿಂದ ಯಾರಾದರೂ ತಿಳಿದವರನ್ನು ಕರೆಸೋಣ ಅಂತ ಆಡಳಿತ ಮಂಡಳಿ ಸಭೆಯಲ್ಲಿ ನಾವೇ ಹೇಳಿದ್ದೆವು. ಅಧ್ಯಕ್ಷರು ಒಪ್ಪಲಿಲ್ಲ. "ತಕ್ಕಡಿ ಇಟ್ಕೊಂಡು ಹಿಟ್ಟು ತೂಗಿದವರು ನೀವು, ನೀವೇ ಹೇಳಿ" ಅಂದುಬಿಟ್ಟರು. ಈ ತಕ್ಕಡಿ ವಿಷಯ ಊರಿಗೆಲ್ಲಾ ಹೇಗೆ ಗೊತ್ತಾಯಿತೋ ನಮಗೆ ತಿಳಿಯದು. ಅಂಗಡಿ ಮುಂದೆ ಹೋದರೆ "ಏನಣ್ಣಾ, ಇವತ್ತು ಎಷ್ಟು ಗ್ರಾಂ ಉಂಡ್ರಿ?" ಅಂತ ಹುಡುಗರು ನಗಾಡ್ತಾರೆ. ನಗಲಿ. ಇವತ್ತು ಆ ಕಥೆಯನ್ನೇ ಹೇಳಿಬಿಡುತ್ತೇವೆ.

ಮೊದಲು ಹಾಲಿನಿಂದ ಶುರು ಮಾಡೋಣ, ಅದು ನಮಗೆಲ್ಲಾ ಗೊತ್ತಿರುವ ವಿಷಯ. 25 ವರ್ಷದ ಹಿಂದೆ ಸಂಘ ಶುರುವಾದ ಹೊಸದರಲ್ಲಿ ಲ್ಯಾಕ್ಟೋಮೀಟರ್ ಇಟ್ಟು ಹಾಲು ನೋಡಿದಾಗ ಊರಲ್ಲಿ ಎಷ್ಟು ಗಲಾಟೆ ಆಯಿತು ಅನ್ನೋದು ಹಿರಿಯರಿಗೆ ನೆನಪಿರಬೇಕು. ನಮ್ಮ ಅಪ್ಪನೇ ಕ್ಯಾನು ಎತ್ತಿಕೊಂಡು ಮನೆಗೆ ವಾಪಸ್ ಬಂದಿದ್ದರು. "ನಮ್ಮ ಹಸ ಕರೆದ ಹಾಲಿಗೆ ಗಾಜಿನ ಕಡ್ಡಿ ಏನು ಹೇಳೋದು?" ಅಂತ ಅವರ ಸಿಟ್ಟು. ಆಮೇಲೆ ಗರ್ಬರ್ ಕೊಳವೆ, ಆಸಿಡ್, ಗಿರಗಿರ ತಿರುಗಿಸೋ ಯಂತ್ರ ಎಲ್ಲಾ ಬಂದವು. ಈಗ ಎಲೆಕ್ಟ್ರಾನಿಕ್ ಯಂತ್ರವಿದೆ, ಚೀಟಿ ಕೈಗೆ ಬರ್ತದೆ. ಇವತ್ತು ಒಂದು ದಿವಸ ಯಂತ್ರ ಕೆಟ್ಟು "ನಿನ್ನೆ ಫ್ಯಾಟೇ ಹಾಕ್ಕೊತೀವಿ" ಅಂತ ಕಾರ್ಯದರ್ಶಿಗಳು ಅಂದರೆ ನಾವು ಬಿಡ್ತೀವಾ? ಪಾಯಿಂಟ್ ಒಂದು ಕಡಿಮೆಯಾದರೆ ಅರ್ಧ ಗಂಟೆ ಜಗಳ. ಅಂದಾಜು ಸಾಲದು, ಅಳತೆ ಬೇಕು ಅಂತ ಹಾಲಿನ ವಿಷಯದಲ್ಲಿ ಊರೇ ಒಪ್ಪಿಕೊಂಡಿದೆ.

ಆದರೆ ಅದೇ ಮನೆಯಲ್ಲಿ ಉಣ್ಣುವ ಊಟದ ಮಾತು ಬಂದರೆ? "ಒಂದು ಮುದ್ದೆ, ಸ್ವಲ್ಪ ಅನ್ನ, ಒಂದಿಷ್ಟು ಸಾರು." ಸ್ವಲ್ಪ ಅಂದರೆ ಎಷ್ಟು? ಒಂದಿಷ್ಟು ಅಂದರೆ ಎಷ್ಟು? ಕೇಳಿದವರಿಲ್ಲ, ಹೇಳಿದವರಿಲ್ಲ. ನಾವೂ ಕೇಳಿರಲಿಲ್ಲ, ಸಕ್ಕರೆ ಕಾಯಿಲೆ ಬರುವ ತನಕ.

ಹೋದ ವರ್ಷ ಒಂದು ಆರೋಗ್ಯ ಶಿಬಿರದಲ್ಲಿ ಸುಮ್ಮನೆ ಎಲ್ಲರ ಜೊತೆ ಬೆರಳು ಚುಚ್ಚಿಸಿಕೊಂಡೆವು. ಸಕ್ಕರೆ ಜಾಸ್ತಿ ಬಂತು. ಮತ್ತೆ ಖಾಲಿ ಹೊಟ್ಟೆಯಲ್ಲಿ ನೋಡಿದರು, ಆಗಲೂ ಜಾಸ್ತಿ. ನಮ್ಮ ಮನೆಯವರಿಗೂ ಅದೇ ದಿನ ರಕ್ತ ನೋಡಿದರು, ಹಿಮೋಗ್ಲೋಬಿನ್ 8ರ ಹತ್ತಿರ. ನಮ್ಮ ಹೊಟ್ಟೆ ಮುಂದೆ ಬಂದಿತ್ತು, ಅವರ ಕೆನ್ನೆ ಒಳಗೆ ಹೋಗಿತ್ತು. ಒಂದೇ ಒಲೆ, ಒಂದೇ ಮಡಕೆ. ಡಾಕ್ಟರು ಇಬ್ಬರನ್ನೂ ಒಂದು ಸಾರಿ ನೋಡಿ ಏನೂ ಅನ್ನಲಿಲ್ಲ. ನಮಗೆ ಮಾತ್ರೆ ಬರೆದು, ದಿನಕ್ಕೆ 1,800 ಕ್ಯಾಲೊರಿ ಮೀರಬಾರದು ಅಂತ ಒಂದು ಅಚ್ಚು ಹಾಕಿದ ಹಾಳೆ ಕೊಟ್ಟರು. ಮನೆಯವರಿಗೆ ಕಬ್ಬಿಣದ ಮಾತ್ರೆ ಕೊಟ್ಟು, ಚೆನ್ನಾಗಿ ಊಟ ಮಾಡಿ, ದಿನಾ ಮೊಟ್ಟೆ ತಿನ್ನಿ ಅಂದರು.

ಆ ಹಾಳೆಯಲ್ಲಿ ಓಟ್ಸು, ಬ್ರೆಡ್ಡು, ಒಂದು ಬೌಲು, ಒಂದು ಕಪ್ಪು ಅಂತೆಲ್ಲಾ ಇತ್ತು. ಹುಡುಕಿ ಹುಡುಕಿ ಕೆಳಗೆ 'ಮುದ್ದೆ 1' ಅಂತ ಒಂದು ಕಡೆ ಸಿಕ್ಕಿತು. ನಮಗೆ ಬಹಳ ಸಂತೋಷವಾಯಿತು. ಒಂದು ತಾನೇ, ಆಯಿತು ಅಂದುಕೊಂಡೆವು. ಮಗ ಮೊಬೈಲಿನಲ್ಲಿ ಒಂದು ಲೆಕ್ಕದ ಪುಸ್ತಕ ಹಾಕಿಕೊಟ್ಟ. ಉಂಡದ್ದನ್ನು ಹೇಳಿದರೆ ಅದು ಕ್ಯಾಲೊರಿ ಕೂಡುತ್ತದೆ. ಒಂದು ತಿಂಗಳು ಶ್ರದ್ಧೆಯಿಂದ ಬರೆಸಿದೆವು. ಲೆಕ್ಕ ದಿನಕ್ಕೆ 1,500 ದಾಟಲೇ ಇಲ್ಲ. ಆದರೆ ತಿಂಗಳ ಕೊನೆಗೆ ತೂಕ ಅರ್ಧ ಕೆ.ಜಿ. ಏರಿತ್ತು, ಸಕ್ಕರೆ ಇದ್ದಲ್ಲೇ ಇತ್ತು. ಪುಸ್ತಕದಲ್ಲಿ ಹಸ ಒಣಗಿದೆ, ಕೊಟ್ಟಿಗೆಯಲ್ಲಿ ಹಾಲು ಸುರೀತಿದೆ ಅನ್ನೋ ಹಾಗೆ. ಲೆಕ್ಕದಲ್ಲಿ ಎಲ್ಲೋ ತಪ್ಪಿದೆ ಅಂತ ಆಗ ಹೊಳೆಯಿತು.

ಕ್ಯಾಲೊರಿ ಅಂದರೇನು ಅಂತ ಒಂದೆರಡು ಮಾತು ಹೇಳಿ ಮುಂದಕ್ಕೆ ಹೋಗುತ್ತೇವೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ನಮಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಗೆಸೊಪ್ಪಿನ ಬ್ಯಾರನ್‌ಗೆ ಸೌದೆ ಹಾಕುತ್ತೇವಲ್ಲಾ, ಅದೇ. ಯಾವ ಸೌದೆ ಎಷ್ಟು ಕಾವು ಕೊಡುತ್ತದೆ ಅನ್ನುವ ಲೆಕ್ಕವೇ ಕ್ಯಾಲೊರಿ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಕಾಯಿಸುವಷ್ಟು ಕಾವಿಗೆ ಒಂದು ಕಿಲೋಕ್ಯಾಲೊರಿ ಅಂತಾರೆ. ಊಟದ ಮಾತಿನಲ್ಲಿ ಅದನ್ನೇ ಸುಮ್ಮನೆ ಕ್ಯಾಲೊರಿ ಅನ್ನೋದು ರೂಢಿ. ಹಿಟ್ಟು-ಸಕ್ಕರೆ ಜಾತಿಯದು ಒಂದು ಗ್ರಾಂಗೆ 4, ಮೊಟ್ಟೆ-ಬೇಳೆಯ ಪ್ರೋಟೀನು ಒಂದು ಗ್ರಾಂಗೆ 4, ಎಣ್ಣೆ-ತುಪ್ಪ-ಕೊಬ್ಬು ಒಂದು ಗ್ರಾಂಗೆ 9. ಅಮೆರಿಕದ ಆಟ್‌ವಾಟರ್ ಎಂಬ ವಿಜ್ಞಾನಿ ನೂರಕ್ಕೂ ಹೆಚ್ಚು ವರ್ಷದ ಹಿಂದೆ ಕಂಡುಕೊಂಡ ಲೆಕ್ಕ ಇದು, ಇವತ್ತಿಗೂ ನಡೆಯುತ್ತಿದೆ. ನೀರಿಗೆ ಮಾತ್ರ ಸೊನ್ನೆ. ಹಸಿ ಸೌದೆ ತೂಕ ಬರುತ್ತದೆ, ಕಾವು ಬರುವುದಿಲ್ಲ. ಈ ಒಂದು ಮಾತನ್ನು ಹಿಡಿದುಕೊಂಡರೆ ಮುದ್ದೆ ಲೆಕ್ಕ ಅರ್ಧ ಮುಗಿದ ಹಾಗೆ.

ಈ 4 ಮತ್ತು 9 ಗೊತ್ತಿದ್ದರೆ ನಮ್ಮ ಸಂಘದ ಚೀಟಿಯಿಂದಲೇ ಹಾಲಿನ ಕ್ಯಾಲೊರಿ ಹೇಳಬಹುದು. ಇದನ್ನು ನಾವೇ ಒಂದು ಸಂಜೆ ಚೀಟಿ ಹಿಂದೆ ಬರೆದು ನೋಡಿದೆವು, ಹೇಳಿಕೊಳ್ಳಲು ಸ್ವಲ್ಪ ಜಂಬವೂ ಇದೆ. ಫ್ಯಾಟ್ 4, ಎಸ್.ಎನ್.ಎಫ್. 8.5 ಅಂತ ಬಂದಿದೆ ಅನ್ನಿ. ನೂರು ಗ್ರಾಂ ಹಾಲಿನಲ್ಲಿ ಕೊಬ್ಬು 4 ಗ್ರಾಂ, ಒಂಬತ್ತರಿಂದ ಗುಣಿಸಿದರೆ 36. ಎಸ್.ಎನ್.ಎಫ್.ನಲ್ಲಿ ಮುಕ್ಕಾಲು ಗ್ರಾಂ ಆಸುಪಾಸು ಸುಣ್ಣ ಮುಂತಾದ ಖನಿಜ, ಅದಕ್ಕೆ ಕಾವಿಲ್ಲ. ಉಳಿದ ಏಳೂಮುಕ್ಕಾಲು ಗ್ರಾಂ ಪ್ರೋಟೀನು ಮತ್ತು ಹಾಲಿನ ಸಕ್ಕರೆ, ನಾಲ್ಕರಿಂದ ಗುಣಿಸಿದರೆ 31. ಒಟ್ಟು 67. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಪುಸ್ತಕದಲ್ಲೂ ಹಸುವಿನ ಹಾಲಿಗೆ 67 ಅಂತಲೇ ಇದೆ! ಎಮ್ಮೆ ಹಾಲು ಫ್ಯಾಟ್ 7, ಎಸ್.ಎನ್.ಎಫ್. 9 ಇದ್ದರೆ 96. ನಮ್ಮ ಹಾಲು ಪ್ಯಾಕೆಟ್ ಆಗಿ ಊರೂರಿಗೆ ಹೋಗುತ್ತದೆ. 2013ರಿಂದ ಕ್ಷೀರಭಾಗ್ಯದಲ್ಲಿ ಸ್ಕೂಲ್ ಮಕ್ಕಳಿಗೂ ಒಬ್ಬೊಬ್ಬರಿಗೆ 150 ಮಿಲಿ ಹಾಲು ಸಿಗುತ್ತಿದೆ. 67ರ ಲೆಕ್ಕದಲ್ಲಿ ಅಷ್ಟು ಹಾಲಿಗೆ ಹೆಚ್ಚೂ ಕಡಿಮೆ 100 ಕ್ಯಾಲೊರಿ.

ಈಗ ಮೊಟ್ಟೆಗೆ ಬರೋಣ. ಮೊಟ್ಟೆಯಷ್ಟು ಸುಲಭದ ಪದಾರ್ಥ ಇನ್ನೊಂದಿಲ್ಲ, ದೇವರೇ ಪ್ಯಾಕೆಟ್ ಮಾಡಿ ಕೊಟ್ಟಿದ್ದಾನೆ, ಅದರಲ್ಲೇನು ತಪ್ಪು ಬರುತ್ತದೆ ಅಂತ ನಾವು ತಿಳಿದಿದ್ದೆವು. ಮೈಸೂರಿನ ಪಾತ್ರೆ ಅಂಗಡಿಯಲ್ಲಿ ನಾನೂರು ರೂಪಾಯಿ ಕೊಟ್ಟು ಒಂದು ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ತಂದು ಮೊದಲು ತೂಗಿದ್ದೇ ಮೊಟ್ಟೆ. ಅಂಗಡಿ ಫಾರಂ ಮೊಟ್ಟೆ 55 ಗ್ರಾಂ. ಮನೆ ನಾಟಿ ಕೋಳಿಯದು 40. ಚಿಕ್ಕಮ್ಮನ ಮನೆಯ ಗಿರಿರಾಜದ್ದು 58. ಮೊಬೈಲಿಗೆ ಮೂರೂ 'ಮೊಟ್ಟೆ 1'. ಒಡೆದು ಓಡು ತೂಗಿದರೆ ಫಾರಂ ಮೊಟ್ಟೆಯದು 6 ಗ್ರಾಂ ಮೇಲೆ ಬಂತು, ಒಳಗಿನ ತಿರುಳು 48ರಿಂದ 49.

ಮಗಳು ಮೈಸೂರಿನಲ್ಲಿ ಓದುತ್ತಾಳೆ. ಅವಳಿಗೆ ಹೇಳಿ ಕಾಲೇಜಿನ ಲೈಬ್ರರಿಯಿಂದ ಮೊಟ್ಟೆ, ರಾಗಿ, ಅಕ್ಕಿ ಮುಂತಾದವುಗಳ ಅಂಕಿ ಬರೆಸಿಕೊಂಡೆವು. ಸಿ. ಗೋಪಾಲನ್, ರಾಮಶಾಸ್ತ್ರಿ, ಬಾಲಸುಬ್ರಮಣಿಯನ್ ಅವರು ಮಾಡಿದ 1971ರ ಪುಸ್ತಕ ಒಂದು. ನಮ್ಮ ದೇಶದಲ್ಲಿ ಎಷ್ಟೋ ವರ್ಷ ಡಾಕ್ಟರು, ಮೇಷ್ಟ್ರು ಎಲ್ಲರೂ ಅದನ್ನೇ ನೋಡುತ್ತಿದ್ದರಂತೆ. ಅದರಲ್ಲಿ ನೂರು ಗ್ರಾಂ ಮೊಟ್ಟೆ ತಿರುಳಿಗೆ 173 ಕ್ಯಾಲೊರಿ. ಅದೇ ಸಂಸ್ಥೆಯವರು ದೇಶದ ಬೇರೆ ಬೇರೆ ಕಡೆಯಿಂದ ಪದಾರ್ಥ ತರಿಸಿ ಹೊಸದಾಗಿ ಪರೀಕ್ಷೆ ಮಾಡಿ 2017ರಲ್ಲಿ ತಂದ ಪುಸ್ತಕದಲ್ಲಿ ಸುಮಾರು 135. ಅಮೆರಿಕದ ಸರ್ಕಾರದ ಪಟ್ಟಿಯಲ್ಲಿ 143. ಒಂದೇ ಮೊಟ್ಟೆ, ಮೂರು ಲೆಕ್ಕ! ನಮಗೆ ತಲೆ ಕೆಟ್ಟುಹೋಯಿತು. ಜೊತೆಗೆ ಹೊಸ ಪುಸ್ತಕದಲ್ಲಿ ಅಂಕಿ ಕಿಲೋಜೌಲ್‌ನಲ್ಲಿದೆ. ಮಗಳು ಮೊದಲು ಬರೆದುಕೊಂಡು ಬಂದಾಗ ಮೊಟ್ಟೆಗೆ 564 ಅಂತ ನೋಡಿ ನಾವು ಗಾಬರಿಯಾದೆವು. ಅದನ್ನು 4.2ರಿಂದ ಭಾಗಿಸಿದರೆ ಕ್ಯಾಲೊರಿ ಬರುತ್ತದೆ ಅಂತ ಆಮೇಲೆ ತಿಳಿಯಿತು. ಪ್ಯಾಕೆಟ್ ಮೇಲೆ ಓದುವವರು ಇದನ್ನು ನೋಡಿಕೊಳ್ಳಬೇಕು.

ಆದರೆ ಒಂದು ರಾತ್ರಿ ಕೂತು ಲೆಕ್ಕ ಹಾಕಿದಾಗ ಸಮಾಧಾನವಾಯಿತು. ಒಂದು ಫಾರಂ ಮೊಟ್ಟೆಯ 48 ಗ್ರಾಂ ತಿರುಳಿಗೆ ಹಳೆ ಪುಸ್ತಕದ ಪ್ರಕಾರ 83, ಹೊಸದರ ಪ್ರಕಾರ 65, ಅಮೆರಿಕದ್ದರ ಪ್ರಕಾರ 69. ಹೆಚ್ಚೆಂದರೆ 18ರ ವ್ಯತ್ಯಾಸ. ಒಂದು ಟೀ ಚಮಚ ಎಣ್ಣೆಗೆ 40 ಕ್ಯಾಲೊರಿ. ಅಂದರೆ ಮೊಟ್ಟೆಗೆ 65 ಹಿಡಿಯಬೇಕೋ 83 ಹಿಡಿಯಬೇಕೋ ಅಂತ ಪುಸ್ತಕದ ಮೇಲೆ ಜಗಳ ಆಡುವ ಹೊತ್ತಿಗೆ, ಬಾಣಲೆಗೆ ಬಿಟ್ಟ ಎಣ್ಣೆ ನಮ್ಮ ಲೆಕ್ಕವನ್ನೆಲ್ಲಾ ನುಂಗಿ ಹಾಕಿರುತ್ತದೆ. ನಾವು 70 ಅಂತ ಇಟ್ಟುಕೊಂಡು ಆ ತಕರಾರು ಬಿಟ್ಟೆವು. ಬೇಯಿಸಿದ ಮೊಟ್ಟೆ 70. ಆಮ್ಲೆಟ್ ಹಾಕಿ, ಎಣ್ಣೆ 10 ಗ್ರಾಂ ಬಿಟ್ಟರೆ 160. ಅಂಗಡಿ ಮುಂದಿನ ಗಾಡಿಯಲ್ಲಿ ಎಣ್ಣೆ ತೇಲುವ ಆಮ್ಲೆಟ್ ಎಷ್ಟು ಅಂತ ತಾವೇ ಊಹಿಸಿ.

ಎಣ್ಣೆ ಅಳೆಯೋದಕ್ಕೆ ನಾವು ಕಂಡುಕೊಂಡ ಉಪಾಯ ಹೇಳುತ್ತೇವೆ. ಮಿಳ್ಳೆಯಲ್ಲಿ ಅಳೆಯೋದು ಬೇಡ, ಮಿಳ್ಳೆಗೆ ಅಂಟಿಕೊಳ್ಳುತ್ತದೆ, ಕೈ ಅಂದಾಜು ದಿನಕ್ಕೊಂದು ಥರ. ಅಡುಗೆಗೆ ಮೊದಲು ಎಣ್ಣೆ ಪಾತ್ರೆಯನ್ನೇ ತಕ್ಕಡಿ ಮೇಲೆ ಇಡಿ, ಅಡುಗೆ ಮುಗಿದ ಮೇಲೆ ಮತ್ತೆ ಇಡಿ. ಕಡಿಮೆಯಾದದ್ದೇ ಖರ್ಚು. ಕ್ಯಾನು ಸಮೇತ ಹಾಲು ತೂಗಿ ಖಾಲಿ ಕ್ಯಾನು ಕಳೆಯುವ ಹಾಗೆ. ನಮ್ಮ ಮನೆಯಲ್ಲಿ ಆರು ಜನಕ್ಕೆ ದಿನಕ್ಕೆ 270 ಗ್ರಾಂ ಬಂತು, ಒಬ್ಬರಿಗೆ 45 ಗ್ರಾಂ, ಅಂದರೆ 400 ಕ್ಯಾಲೊರಿ. ಪೋಷಣಾ ಸಂಸ್ಥೆಯವರು 2024ರಲ್ಲಿ ಕೊಟ್ಟ ಸೂಚನೆಯಲ್ಲಿ 2,000 ಕ್ಯಾಲೊರಿ ಊಟಕ್ಕೆ ಎಣ್ಣೆ-ತುಪ್ಪ 27 ಗ್ರಾಂ ಸಾಕು ಅಂದಿದ್ದಾರೆ. ಈ 400ನ್ನು ಮೊಬೈಲಿನಲ್ಲಿ ನಾವು ಒಂದು ದಿನವೂ ಬರೆಸಿರಲಿಲ್ಲ. ಎಣ್ಣೆಯನ್ನು ಯಾರು ಉಣ್ಣುತ್ತಾರೆ ಅಂತ!

ಮೊಟ್ಟೆ ಸಾರಿನ ಲೆಕ್ಕ ಇನ್ನೂ ಚೆನ್ನಾಗಿದೆ. ಭಾನುವಾರ ಆರು ಮೊಟ್ಟೆ ಸಾರು ಮಾಡಿದರು. ಹಾಕುವ ಮುಂಚೆ ಒಂದೊಂದನ್ನೂ ತೂಗಿ ಬರೆದೆವು. ಆರು ಮೊಟ್ಟೆಗೆ 410, ಎಣ್ಣೆ 30 ಗ್ರಾಂಗೆ 270, ತೆಂಗಿನಕಾಯಿ ತುರಿ 50 ಗ್ರಾಂಗೆ 220, ಈರುಳ್ಳಿ 150 ಗ್ರಾಂಗೆ 75, ಟೊಮ್ಯಾಟೊ ಮತ್ತು ಸಾರಿನ ಪುಡಿ ಸೇರಿ 65. ಒಟ್ಟು 1,040. ಆರು ಪಾಲು ಮಾಡಿದರೆ ಒಬ್ಬರಿಗೆ 173. ಇದರಲ್ಲಿ ಮೊಟ್ಟೆಯದು 68 ಮಾತ್ರ, ಸಾರಿನದು 105. 'ಮೊಟ್ಟೆ 1' ಅಂತ ಬರೆದುಕೊಂಡು ಸಾರು ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ಕೈಬಿಟ್ಟ ಹಾಗಾಯಿತು. ಸಮ ಪಾಲು ಮಾಡದೆ ಒಬ್ಬರು ಎರಡು ಸೌಟು, ಒಬ್ಬರು ನಾಲ್ಕು ಸೌಟು ಬಡಿಸಿಕೊಂಡರೆ, ಆದ ಸಾರನ್ನು ಪಾತ್ರೆ ಸಮೇತ ತೂಗಿ ಪಾತ್ರೆ ತೂಕ ಕಳೆದು, ಒಟ್ಟು ಕ್ಯಾಲೊರಿಯನ್ನು ಆ ತೂಕದಿಂದ ಭಾಗಿಸಬೇಕು. ಒಂದು ಗ್ರಾಂಗೆ ಎಷ್ಟು ಅಂತ ಬರುತ್ತದೆ. ಖಾಲಿ ಪಾತ್ರೆಗಳ ತೂಕವನ್ನು ಒಂದು ಸಾರಿ ತೂಗಿ ತಳದಲ್ಲಿ ಬಣ್ಣದಲ್ಲಿ ಬರೆದಿಟ್ಟುಬಿಟ್ಟರೆ ದಿನಾ ತೂಗುವ ಕಷ್ಟವಿಲ್ಲ.

ಮುದ್ದೆ ವಿಷಯಕ್ಕೆ ಬಂದರೆ ನಮ್ಮ ಮನೆಯಲ್ಲಿ ಯುದ್ಧವೇ ಆಯಿತು. ತಟ್ಟೆಯಲ್ಲಿದ್ದ ಮುದ್ದೆ ಎತ್ತಿ ತಕ್ಕಡಿ ಮೇಲೆ ಇಟ್ಟದ್ದನ್ನು ನಮ್ಮವ್ವ ನೋಡಿಬಿಟ್ಟರು. "ಏನ್ಲಾ ಮಗ, ಉಣ್ಣೋ ಹಿಟ್ಟ ಯಾರಾರ ತೂಗ್ತಾರೇನ್ಲಾ? ದೃಷ್ಟಿ ಆಯ್ತದೆ. ನಿಮ್ಮಪ್ಪ ಮೂರು ಮುದ್ದೆ ಉಣ್ತಿದ್ರು, ಯಾವ ತಕ್ಕಡಿ ಇತ್ತು?" ಅಂತ ಬೈದು, ಉಪ್ಪು ನಿವಾಳಿಸಿ ಒಲೆಗೆ ಹಾಕಿದರು. ಅವ್ವನ ಮಾತಿನಲ್ಲೂ ಒಂದು ಸತ್ಯವಿದೆ, ಅದನ್ನು ಮುಂದೆ ಹೇಳುತ್ತೇವೆ. ಮುದ್ದೆ ತೂಗಿದರೆ 420 ಗ್ರಾಂ ಬಂತು. ಮೈಸೂರಿನ ಹೋಟೆಲಿನಲ್ಲಿ ಪಾರ್ಸೆಲ್ ತಂದು ತೂಗಿದ ಮುದ್ದೆ 210. ಡಾಕ್ಟರ ಹಾಳೆಯ 'ಮುದ್ದೆ 1' ಬಹುಶಃ ಅದು. ನಮ್ಮ ಮನೆಯ ಒಂದು ಮುದ್ದೆ ಅವರ ಎರಡಕ್ಕೆ ಸಮ.

ಲೆಕ್ಕ ಹೀಗಿದೆ. ಅರ್ಧ ಕೆ.ಜಿ. ರಾಗಿ ಹಿಟ್ಟಿಗೆ ಒಂದೂಕಾಲು ಲೀಟರ್ ಎಸರಿಟ್ಟು ತಿರುವಿದಾಗ, ಆವಿ ಹೋಗಿ ಪಾತ್ರೆಗೆ ಅಂಟಿದ್ದು ಹೋಗಿ 1,600 ಗ್ರಾಂ ಮುದ್ದೆ ಆಯಿತು. ಹಳೆ ಪುಸ್ತಕದ ಪ್ರಕಾರ ನೂರು ಗ್ರಾಂ ರಾಗಿಗೆ 328 ಕ್ಯಾಲೊರಿ, ಅರ್ಧ ಕೆ.ಜಿ.ಗೆ 1,640. ನೀರಿಗೆ ಸೊನ್ನೆ. ಆದ್ದರಿಂದ ನೂರು ಗ್ರಾಂ ಮುದ್ದೆಗೆ ಹೆಚ್ಚೂ ಕಡಿಮೆ ನೂರು ಕ್ಯಾಲೊರಿ. ಬಾಯಲ್ಲಿ ಇಟ್ಟುಕೊಳ್ಳಲು ಇಷ್ಟು ಸುಲಭದ ಲೆಕ್ಕ ಇನ್ನೊಂದಿಲ್ಲ. ಹಿಟ್ಟು ಗಟ್ಟಿ ತಿರುವುವವರ ಮನೆಯಲ್ಲಿ ಸ್ವಲ್ಪ ಜಾಸ್ತಿ, ಮೆತ್ತಗೆ ಮಾಡುವವರಲ್ಲಿ ಕಡಿಮೆ. ಅನ್ನವೂ ಹಾಗೇ. ಒಂದು ಕೆ.ಜಿ. ಅಕ್ಕಿ ನಮ್ಮ ಮನೆಯಲ್ಲಿ ಮೂರು ಕೆ.ಜಿ. ಆಸುಪಾಸು ಅನ್ನವಾಗುತ್ತದೆ, ನೂರು ಗ್ರಾಂ ಅನ್ನಕ್ಕೆ 115ರಿಂದ 120. ಅಕ್ಕಿ ಒಣಗಿದ್ದಾಗ ತೂಗಿದ್ದನ್ನು ಅನ್ನದ ಲೆಕ್ಕಕ್ಕೆ, ಅನ್ನ ತೂಗಿದ್ದನ್ನು ಅಕ್ಕಿ ಲೆಕ್ಕಕ್ಕೆ ಬರೆದರೆ ಮೂರು ಪಟ್ಟು ತಪ್ಪು ಬರುತ್ತದೆ. ಮೊದಲ ವಾರ ನಾವೇ ಆ ತಪ್ಪು ಮಾಡಿದೆವು. ಇನ್ನೊಂದು, ಸೇರು, ಪಾವು, ಲೋಟದ ಅಳತೆ ನಂಬಬೇಡಿ. ಒಂದೇ ಲೋಟಕ್ಕೆ ಹಿಟ್ಟು ಸಡಿಲಾಗಿ ತುಂಬಿದಾಗ 110 ಗ್ರಾಂ, ಕುಟ್ಟಿ ತುಂಬಿದಾಗ 145.

ಇಷ್ಟೆಲ್ಲಾ ಕಲಿತು ಒಂದು ವಾರ ಪೂರ್ತಿ ತೂಗಿ ಬರೆದೆವು. ಬೆಳಿಗ್ಗೆ ಚಿತ್ರಾನ್ನವೋ ಉಪ್ಪಿಟ್ಟೋ 500. ಮಧ್ಯಾಹ್ನ ಮುದ್ದೆ 430, ಸಾರು 150, ಅನ್ನ 300. ರಾತ್ರಿ ಮತ್ತೆ ಅಷ್ಟೇ. ಟೀ ಒಂದಕ್ಕೆ ಹಾಲಿನದು 33, ಎರಡು ಚಮಚ ಸಕ್ಕರೆಯದು 40. ನಾವು ಮನೆಯಲ್ಲಿ ಎರಡೇ ಟೀ ಕುಡಿಯುವುದು. ಆದರೆ ಸಂಘದ ಆಫೀಸಿನಲ್ಲಿ ಒಂದು, ಗೊಬ್ಬರದಂಗಡಿಯಲ್ಲಿ ಒಂದು, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ ನೆಂಟರ ಜೊತೆ ಒಂದು, ಹೀಗೆ ಸೇರಿ ದಿನಕ್ಕೆ ಏಳು ಆಗುತ್ತಿತ್ತು. ಅದು 500. ಸಂಜೆ ಒಂದು ಹಿಡಿ ಕಡ್ಲೇಕಾಯಿ 170. ಕೂಡಿದರೆ 2,900ರ ಮೇಲೆ. ಪುಸ್ತಕದಲ್ಲಿ 1,500, ಹೊಟ್ಟೆಯಲ್ಲಿ 2,900! ಮೊಬೈಲು ಸುಳ್ಳು ಹೇಳಿರಲಿಲ್ಲ, ಅದಕ್ಕೆ ನಾವು ಹೇಳಿದ್ದೇ ಸುಳ್ಳು.

ಅಪ್ಪ ಮೂರು ಮುದ್ದೆ ಉಂಡರು ಅಂತ ಅವ್ವ ಹೇಳಿದ್ದು ಸರಿಯೇ. ಆದರೆ ಅಪ್ಪ ಆರು ಹೊಡೆದರು, ಕುಂಟೆ ಎಳೆಸಿದರು, ಬ್ಯಾರನ್‌ಗೆ ಸೊಪ್ಪು ಏರಿಸಿ ರಾತ್ರಿಯೆಲ್ಲಾ ಸೌದೆ ತಳ್ಳಿದರು. ಪೋಷಣಾ ಸಂಸ್ಥೆಯ 2020ರ ಲೆಕ್ಕದಲ್ಲಿ 65 ಕೆ.ಜಿ. ತೂಕದ ಗಂಡಸಿಗೆ ಕಷ್ಟದ ದುಡಿಮೆ ಇದ್ದರೆ 3,470 ಕ್ಯಾಲೊರಿ ಬೇಕು, ಸಾಧಾರಣ ದುಡಿಮೆಗೆ 2,710, ಕೂತು ಮಾಡುವ ಕೆಲಸಕ್ಕೆ 2,110. ನಮ್ಮದು ಈಗ ಟ್ರ್ಯಾಕ್ಟರ್ ಬಾಡಿಗೆ, ಕಳೆಗೆ ಔಷಧಿ, ಓಡಾಟಕ್ಕೆ ಬೈಕು, ಉಳಿದಂತೆ ಮೀಟಿಂಗು. ದುಡಿಮೆ ಡೈರೆಕ್ಟರದು, ಊಟ ಆರಂಬಗಾರನದು.

ಇಲ್ಲಿಗೆ ನಮ್ಮ ಕಥೆ ಮುಗಿದಿದ್ದರೆ ವೇದಿಕೆ ಮೇಲೆ ನಿಂತು ಹೇಳುವ ಅಗತ್ಯ ಇರಲಿಲ್ಲ. ಆ ವಾರ ಮಗ ಒಂದು ಮಾತು ಹೇಳಿದ. "ಅಪ್ಪಾ, ಹೆಂಗೂ ತೂಗ್ತಿದೀರ, ಅಮ್ಮಂದೂ ಬರೀರಿ." ಮನೆಯವರು ಬೇಡ ಅಂದರು. "ನಂದೇನ್ ಬರ್ಯೋದು, ಉಳ್ದಿದ್ದು ಉಣ್ತೀನಿ" ಅಂದರು. ನಾವು ಬಲವಂತ ಮಾಡಿ ನಾಲ್ಕು ದಿನ ಬರೆದೆವು. ಬೆಳಿಗ್ಗೆ ಐದಕ್ಕೆ ಎದ್ದು ಮೂರು ಹಸ ಕರೆದು, ಡೈರಿಗೆ ಹಾಲು ಹಾಕಿ, ಸಗಣಿ ಬಾಚಿ, ಹುಲ್ಲು ಕುಯ್ದು ತರುವವರು ಅವರು. ಅಂಥ ದುಡಿಮೆಯ ಹೆಂಗಸಿಗೆ 2,130 ಬೇಕು. ಬಂದದ್ದು ಒಂದು ದಿನ 1,380, ಒಂದು ದಿನ 1,450, ಇನ್ನೊಂದು ದಿನ, ನೆಂಟರು ಬಂದ ದಿನ, 1,100. ಎಲ್ಲರೂ ಉಂಡ ಮೇಲೆ ಕೂರುತ್ತಾರೆ. ಮುದ್ದೆ ಅರ್ಧ, ತಳದ ಸಾರು, ಅದರಲ್ಲಿ ಕಾಳು ಮೇಲೆಯೇ ಖಾಲಿಯಾಗಿರುತ್ತದೆ.

ಮೊಟ್ಟೆ? ಡಾಕ್ಟರು ದಿನಾ ತಿನ್ನಿ ಅಂದಿದ್ದರಲ್ಲಾ, ನಾವು ತಪ್ಪದೆ ತಂದು ಹಾಕುತ್ತಿದ್ದೆವು. ದಿನಾ ಆರು ಮೊಟ್ಟೆ ಬೇಯುತ್ತಿತ್ತು. ಲೆಕ್ಕ ಸರಿಯಾಗಿತ್ತು. ಆದರೆ ಅವರ ಹಾಳೆಯಲ್ಲಿ ನಾಲ್ಕು ದಿನಕ್ಕೆ ಒಂದೇ ಒಂದು ಮೊಟ್ಟೆ ಬಿತ್ತು. ಎರಡು ದಿನ ಮಗನ ತಟ್ಟೆಗೆ ಹೋಗಿತ್ತು, "ಓದೋ ಹುಡುಗ" ಅಂತ. ಒಂದು ದಿನದ್ದು ನಮ್ಮ ತಟ್ಟೆಗೇ ಬಂದಿತ್ತು, ನಾವು ನೋಡದೆಯೇ ತಿಂದಿದ್ದೆವು. ನಮ್ಮ ಹಾಳೆಯಲ್ಲಿ ಅವತ್ತು 'ಮೊಟ್ಟೆ 2' ಅಂತ ನಾವೇ ಬರೆದಿದ್ದೇವೆ. ಎರಡು ಹಾಳೆಯನ್ನೂ ಅಕ್ಕಪಕ್ಕ ಇಟ್ಟುಕೊಂಡು ರಾತ್ರಿ ಬಹಳ ಹೊತ್ತು ಕೂತಿದ್ದೆವು. ನಮಗೆ ಆದ ನಾಚಿಕೆಯನ್ನು ಇಷ್ಟು ಜನದ ಮುಂದೆ ಹೇಳುವುದು ಸುಲಭವಲ್ಲ. ಆದರೆ ಇಲ್ಲಿ ಕೂತಿರುವ ಎಷ್ಟು ಮನೆಯಲ್ಲಿ ಇದೇ ಲೆಕ್ಕ ಇರಬಹುದು ಅಂತ ಯೋಚಿಸಿ ಹೇಳುತ್ತಿದ್ದೇವೆ. ಮನೆಗೆ ಎಷ್ಟು ಮೊಟ್ಟೆ ಬಂತು ಅನ್ನೋದು ಒಂದು ಲೆಕ್ಕ. ಯಾರ ಹೊಟ್ಟೆಗೆ ಹೋಯಿತು ಅನ್ನೋದು ಇನ್ನೊಂದು. ಬಸುರಿ ಬಾಣಂತಿಯರಿಗೆ 2017ರ ಅಕ್ಟೋಬರ್‌ನಿಂದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಗೇ ಕರೆದು ಬಿಸಿಯೂಟ, ಮೊಟ್ಟೆ ಕೊಡಲು ಶುರು ಮಾಡಿದರಲ್ಲಾ, "ಮನೆಗೆ ಕೊಟ್ಟರೆ ಆಗಲ್ವಾ, ನಡೆಸಿಕೊಂಡು ಯಾಕೆ ಕರೀತಾರೆ" ಅಂತ ಆಗ ನಾವೂ ಗೊಣಗಿದ್ದೆವು. ಈಗ ಅರ್ಥವಾಗಿದೆ.

ಈಗ ಏನು ಮಾಡುತ್ತಿದ್ದೇವೆ ಅಂದರೆ, ರಾತ್ರಿ ಊಟಕ್ಕೆ ಆರೂ ಜನ ಒಟ್ಟಿಗೆ ಕೂರುತ್ತೇವೆ. ಅವ್ವ ಮೊದಮೊದಲು ಒಪ್ಪಲಿಲ್ಲ, ಈಗ ಅವರೇ ಸೊಸೆಯರ ತಟ್ಟೆಗೆ ಮೊಟ್ಟೆ ಹಾಕುತ್ತಾರೆ. ತೂಕ ಮಾಡಬೇಡ ಅಂದವರು, ತಟ್ಟೆ ಮಾತ್ರ ನೋಡುತ್ತಾರೆ! ನಮ್ಮ ಮುದ್ದೆ 420ರಿಂದ 200ಕ್ಕೆ ಬಂದಿದೆ, ರಾತ್ರಿ ಅನ್ನ ನಿಂತಿದೆ, ಆ ಜಾಗಕ್ಕೆ ಸೊಪ್ಪು, ಕಾಳು ಬಂದಿವೆ. ಟೀ ಸಕ್ಕರೆ ಇಲ್ಲದೆ ಮೂರು. ಎಣ್ಣೆ ಆರು ಜನಕ್ಕೆ ದಿನಕ್ಕೆ 160 ಗ್ರಾಂ. ಎಂಟು ತಿಂಗಳಲ್ಲಿ ನಮ್ಮ ತೂಕ 6 ಕೆ.ಜಿ. ಇಳಿದಿದೆ, ಸಕ್ಕರೆ ಹತೋಟಿಗೆ ಬಂದಿದೆ. ಮಾತ್ರೆ ನಿಂತಿಲ್ಲ, ನಿಲ್ಲಿಸಿ ಅಂತ ಡಾಕ್ಟರು ಹೇಳಿಲ್ಲ, ನಾವೂ ಕೇಳಿಲ್ಲ. ಹಬ್ಬದಲ್ಲಿ, ಬೀಗರೂಟದಲ್ಲಿ ಲೆಕ್ಕ ತಪ್ಪುತ್ತದೆ. ಬಾಡೂಟದ ದಿನ ತಕ್ಕಡಿ ತೆಗೆಯೋದಿಲ್ಲ, ಸುಳ್ಳು ಹೇಳಬಾರದು.

ಮನೆಯವರದು ಹಿಮೋಗ್ಲೋಬಿನ್ 11 ದಾಟಿದೆ. ಅದು ಮೊಟ್ಟೆಯಿಂದ ಮಾತ್ರ ಆದದ್ದಲ್ಲ, ಕಬ್ಬಿಣದ ಮಾತ್ರೆ ತಪ್ಪದೆ ತಗೊಂಡಿದ್ದಾರೆ. ಇಲ್ಲೊಂದು ಮಾತು ಹೇಳಬೇಕು. ಕ್ಯಾಲೊರಿ ಅನ್ನೋದು ಸೌದೆ ಲೆಕ್ಕ ಮಾತ್ರ. ಎರಡೂವರೆ ಚಮಚ ಸಕ್ಕರೆಗೆ 50 ಕ್ಯಾಲೊರಿ, ಒಂದು ಮೊಟ್ಟೆಗೆ 70. ಹಾಗಂತ ಎರಡೂ ಹತ್ತಿರ ಹತ್ತಿರ ಅಲ್ಲ. ಮೊಟ್ಟೆಯಲ್ಲಿ 6 ಗ್ರಾಂ ಒಳ್ಳೆ ಪ್ರೋಟೀನು ಇದೆ, ಸಕ್ಕರೆಯಲ್ಲಿ ಏನೂ ಇಲ್ಲ. ನೂರು ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಸುಣ್ಣದ ಅಂಶ ಅಂತ ಹಳೆ ಪುಸ್ತಕದಲ್ಲಿದೆ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಎರಡರ ಕ್ಯಾಲೊರಿ ಮಾತ್ರ ಹೆಚ್ಚೂ ಕಡಿಮೆ ಒಂದೇ. ಸಕ್ಕರೆ ಕಾಯಿಲೆಗೆ ಮುದ್ದೆ ಎಷ್ಟು ಬೇಕಾದರೂ ಉಣ್ಣಬಹುದು ಅಂತ ನಮ್ಮ ಕಡೆ ಒಂದು ನಂಬಿಕೆಯಿದೆ, ಅದು ತಪ್ಪು. ರಾಗಿ ಒಳ್ಳೆಯದು, ಆದರೆ 420 ಗ್ರಾಂ ಮುದ್ದೆ 420 ಗ್ರಾಂ ಮುದ್ದೆಯೇ.

ಇನ್ಸುಲಿನ್ ಚುಚ್ಚಿಕೊಳ್ಳುವವರು ಈ ಭಾಷಣ ಕೇಳಿ ನಾಳೆಯಿಂದ ಮುದ್ದೆ ಅರ್ಧ ಮಾಡಬೇಡಿ. ಊಟ ಕಡಿಮೆಯಾಗಿ ಸೂಜಿ ಅಷ್ಟೇ ಇದ್ದರೆ ಸಕ್ಕರೆ ದಿಢೀರನೆ ಇಳಿದು ಪ್ರಾಣಕ್ಕೆ ಬರುತ್ತದೆ. ಡಾಕ್ಟರನ್ನು ಕೇಳಿಯೇ ಮಾಡಬೇಕು. ಬೆಳೆಯುವ ಮಕ್ಕಳಿಗೆ, ಬಸುರಿಯರಿಗೆ ಈ ಕಡಿತದ ಲೆಕ್ಕ ಬೇಡವೇ ಬೇಡ. ಬಸುರಿಗೆ ಮಾಮೂಲಿಗಿಂತ 350 ಕ್ಯಾಲೊರಿ, ಎಳೆ ಮಗುವಿಗೆ ಹಾಲೂಡಿಸುವ ತಾಯಿಗೆ 600 ಜಾಸ್ತಿ ಬೇಕು. ಹುಣಸೂರು, ಕೋಟೆ ಕಡೆಯ ಹಾಡಿಗಳಲ್ಲಿರುವ ಜೇನುಕುರುಬರಂಥ ಜನಕ್ಕೆ ಸರ್ಕಾರ ಮೊಟ್ಟೆ, ಬೇಳೆ, ತುಪ್ಪ ಕೊಡುವುದು ಕ್ಯಾಲೊರಿ ಕಡಿಮೆ ಬಿದ್ದಿದೆ ಅಂತಲೇ. ಒಂದೇ ತಾಲ್ಲೂಕಿನಲ್ಲಿ ಒಬ್ಬರಿಗೆ ಜಾಸ್ತಿ ಇನ್ನೊಬ್ಬರಿಗೆ ಕಡಿಮೆ ಅಂತ ನಾವು ತಿಳಿದಿದ್ದೆವು, ಒಂದೇ ಅಡುಗೆ ಮನೆಯಲ್ಲೂ ಹಾಗೇ ಇರುತ್ತದೆ ಅಂತ ತಿಳಿದಿರಲಿಲ್ಲ.

ದಿನಾ ತೂಗುತ್ತಾ ಕೂರಬೇಕೇ ಅಂತ ಕೆಲವರು ಕೇಳಿದರು. ಬೇಡ. ನಾವು ಒಂದು ವಾರ ತೂಗಿದ ಮೇಲೆ ಕಣ್ಣಿಗೆ ಅಂದಾಜು ಬಂತು. ಈಗ ತಿಂಗಳಿಗೆ ಎರಡು ದಿನ ತೂಗುತ್ತೇವೆ, ಯಾಕೆಂದರೆ ಕಣ್ಣು ಮೆಲ್ಲಗೆ ಮೋಸ ಮಾಡಲು ಶುರು ಮಾಡುತ್ತದೆ, 200ರ ಮುದ್ದೆ ತಿಂಗಳಲ್ಲಿ 260 ಆಗಿರುತ್ತದೆ. ಸೊಪ್ಪು, ತರಕಾರಿ ತೂಗುವ ಗೋಜಿಗೇ ನಾವು ಹೋಗುವುದಿಲ್ಲ. ಎಣ್ಣೆ, ಕಾಯಿ, ಕಡ್ಲೇಕಾಯಿ, ಸಕ್ಕರೆ, ಹಿಟ್ಟು, ಅಕ್ಕಿ ಇಷ್ಟನ್ನು ಸರಿಯಾಗಿ ತೂಗಿದರೆ ಸಾಕು.

ಆಹಾರದ ಮೇಲೆ ಸಂಶೋಧನೆ ಮಾಡುವ ಸಿ.ಎಫ್.ಟಿ.ಆರ್.ಐ. 1950ರಿಂದ ಮೈಸೂರಿನಲ್ಲಿದೆ, ಸೈನಿಕರ ಊಟ ಸಿದ್ಧ ಮಾಡುವ ಡಿ.ಎಫ್.ಆರ್.ಎಲ್. 1961ರಿಂದ ಅಲ್ಲೇ ಇದೆ. ಅಂಥ ಜಿಲ್ಲೆಯಲ್ಲಿ ಹುಟ್ಟಿ ನಾವು ಒಂದು ಮುದ್ದೆ ತೂಗಲು ಇಷ್ಟು ವರ್ಷ ತೆಗೆದುಕೊಂಡೆವು. ಹೋಗಲಿ ಬಿಡಿ.

ಕೊನೆಯದಾಗಿ ಒಂದು ವಿಷಯ ತಿಳಿಸಿ ಮಾತು ಮುಗಿಸುತ್ತೇವೆ. ಬೆಳ್ಳಿಹಬ್ಬದ ಖರ್ಚಿನಲ್ಲಿ ಉಳಿದ ಹಣದಿಂದ ಎರಡು ಸಣ್ಣ ತಕ್ಕಡಿ ಕೊಳ್ಳಲು ಆಡಳಿತ ಮಂಡಳಿ ಒಪ್ಪಿದೆ. ಹಾಲಿನ ತಕ್ಕಡಿಯಲ್ಲಿ ಇದು ಆಗುವುದಿಲ್ಲ, ಅದಕ್ಕೆ ಮೊಟ್ಟೆ ತೂಗುವಷ್ಟು ಸೂಕ್ಷ್ಮ ಗೊತ್ತಾಗುವುದಿಲ್ಲ. ಬೇಕಾದ ಸದಸ್ಯರು ಬೆಳಿಗ್ಗೆ ಹಾಲು ಹಾಕಿದ ಮೇಲೆ ಕಾರ್ಯದರ್ಶಿಗಳ ಹತ್ತಿರ ಪುಸ್ತಕದಲ್ಲಿ ರುಜು ಮಾಡಿ ಒಂದು ವಾರಕ್ಕೆ ಮನೆಗೆ ತೆಗೆದುಕೊಂಡು ಹೋಗಬಹುದು, ಬಾಡಿಗೆ ಇಲ್ಲ. ಸೆಲ್ ಮಾತ್ರ ನಿಮ್ಮದು. ರುಜುವನ್ನು ಹೆಣ್ಣುಮಕ್ಕಳೇ ಮಾಡಿ ತೆಗೆದುಕೊಂಡು ಹೋಗಬೇಕು ಅಂತ ನಾವು ಒಂದು ಷರತ್ತು ಹಾಕಿಸಿದ್ದೇವೆ. ಬರೆಯುವ ಹಾಳೆಯಲ್ಲಿ ಮನೆಯ ಎಲ್ಲರ ಹೆಸರಿಗೂ ಒಂದೊಂದು ಕಾಲಂ ಇದೆ, ಬಡಿಸುವವರ ಕಾಲಂ ಮೊದಲನೆಯದು.

ಊಟ ತಯಾರಾಗಿದೆ ಅಂತ ಅಡುಗೆಯವರು ಕೈ ತೋರಿಸುತ್ತಿದ್ದಾರೆ. ತಾಯಂದಿರ ಪಂಕ್ತಿ ಇವತ್ತು ಮೊದಲು.